ಐಕ್

ದಾವಣಗೆರೆಯಿಂದ ಹದಿನಾಲ್ಕು ಜನ ಬಂದಿದ್ದೆವು,
ಹಳದಿ ಟೀ ಶರ್ಟು, ಎದೆಯ ಮೇಲೆ ‘ಸೇವೆ’ ಎಂದು ಅಚ್ಚು.
ಪುಣೆಯ ರಾಮಟೇಕಡಿ. ತಗಡಿನ ಶೆಡ್ಡು.
ನನ್ನ ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು:
ಪ್ಲಾಸ್ಟಿಕ್ಕಿನ ಏಳು ಬಗೆ, ಏಳು ಬಣ್ಣದಲ್ಲಿ.

ಕೌಸಾಬಾಯಿ ಚಾರ್ಟು ಮುಟ್ಟಿ ನೋಡಿದಳು,
ಓದಲಿಕ್ಕಲ್ಲ, ಕಾಗದ ಎಷ್ಟು ದಪ್ಪ ಅಂತ.
ಆಮೇಲೆ ರಾಶಿಯಿಂದ ಒಂದು ಕವರು ಎತ್ತಿ
ನನ್ನ ಕಿವಿಯ ಹತ್ತಿರ ಹಿಸುಕಿದಳು.
‘ಐಕ್’ ಅಂದಳು.
ಕೇಳು.
ಚರಚರ ಅಂದದ್ದು ಒಂದು ಮೂಟೆಗೆ,
ಸುಮ್ಮನಿದ್ದದ್ದು ಇನ್ನೊಂದಕ್ಕೆ.
ಸುಮ್ಮನಿದ್ದದ್ದಕ್ಕೇ ರೇಟು ಜಾಸ್ತಿಯಂತೆ.

ಎರಡು ದಿನ ಬೆನ್ನು ಬಗ್ಗಿಸಿ ವಿಂಗಡಿಸಿದೆ.
ಗ್ಲೌಸಿನೊಳಗೆ ಬೆವರು. ಫೋನಿನ ತುಂಬ ಫೋಟೋ.
ಅಮ್ಮನಿಗೆ ಬರೆದೆ: ಹದಿನೆಂಟು ಕಿಲೋ!

ಮೂರನೇ ಸಂಜೆ, ಮರೆತ ನೀರಿನ ಬಾಟಲಿಗೆಂದು
ಹಿಂತಿರುಗಿದರೆ, ಬಲ್ಬಿನ ಕೆಳಗೆ
ನನ್ನ ಮೂಟೆಗಳೆರಡೂ ಬರಿದು.
ನಡುವೆ ಕೂತಿದ್ದಾಳೆ, ಪಕ್ಕದಲ್ಲಿ ಮೊಮ್ಮಗಳು,
ಒಂದೊಂದೇ ಕವರು ಕಿವಿಗೆ, ಮತ್ತೆ ಮೂಟೆಗೆ.
ನಿನ್ನೆಯೂ ಹೀಗೇ ಇರಬೇಕು. ಮೊನ್ನೆಯೂ.
ಬೆಳಿಗ್ಗೆ ಶುಂಠಿ ಹಾಕಿದ ಚಹಾ ಕೊಟ್ಟಿದ್ದಳು,
ಒಂದು ಮಾತೂ ಆಡಿರಲಿಲ್ಲ.

ಬಾಟಲಿ ಕೇಳಲಿಲ್ಲ ನಾನು.
ಮೊಮ್ಮಗಳ ಪಕ್ಕ ಜಾಗ ಮಾಡಿಕೊಂಡು ಕೂತೆ.
ತಪ್ಪಿದಾಗೆಲ್ಲ ಮೊಣಕೈ ಚಿವುಟುತ್ತಿದ್ದಳು
ಆ ಒಂಬತ್ತು ವರ್ಷದ ಮೇಡಮ್ಮು.
ಎಂಟು ಸಲ. ಆಮೇಲೆ ಎಣಿಸಲಿಲ್ಲ.

ಕೊನೆಯ ದಿನ ಸರ್ಟಿಫಿಕೇಟು ಕೊಟ್ಟರು,
ಹೊಳೆವ ಕವರಿನಲ್ಲಿ.
ಒಯ್ದು ತೋರಿಸಿದೆ, ಯಾಕೋ.
ನನ್ನ ಹೆಸರಿನ ಕಡೆ ಅವಳು ನೋಡಲಿಲ್ಲ.
ಕಿವಿಗೆ ಹಿಡಿದಳು, ಹಿಸುಕಿದಳು. ಚರಚರ.
ನಕ್ಕಳು.
ಕಾಗದ ನನಗೆ ಕೊಟ್ಟು
ಕವರು ಇಟ್ಟುಕೊಂಡಳು.