ಗೋಡೆಯ ಮೇಲಿನ ಗುಡ್ಡ

ಹಾಸನದ ಮಾರ್ಕೆಟ್ಟು. ಆಲೂಗೆಡ್ಡೆ ಲಾರಿ.
ಚನ್ನಾಜಮ್ಮ ಕಣ್ಣು ಮುಚ್ಚಿ ಇಪ್ಪತ್ತು ಗೆಡ್ಡೆ ಎತ್ತಿ
ತಕ್ಕಡಿಗಿಟ್ಟಳು: ಸರಾಸರಿ ಎಂಬತ್ತೆರಡು ಗ್ರಾಂ.
ತಿರುಗಿ ಸುರಿದು ಇನ್ನಿಪ್ಪತ್ತು: ಎಪ್ಪತ್ತೊಂಬತ್ತು.
"ಯಾವುದಮ್ಮ ದಿಟ?" ದಲ್ಲಾಳಿ ಸಿಡುಕಿದ.

ಅವಳು ಸುಣ್ಣದ ಗೋಡೆಗೆ ಇದ್ದಿಲಲ್ಲಿ
ಸಲಕ್ಕೊಂದು ಚುಕ್ಕಿ ಇಡುತ್ತ ಹೋದಳು,
ಬಂದ ಅಂಕಿಯೇ ಬಂದರೆ
ಮೊದಲಿನದರ ನೆತ್ತಿಯ ಮೇಲೆ.

ಸಂಜೆಗೆ ಗುಡ್ಡವೊಂದು ಎದ್ದಿತ್ತು.
ಎಂಬತ್ತರ ಸುತ್ತ ನೂಕುನುಗ್ಗಲು,
ದೂರದಂಚಿಗೆ ಒಬ್ಬಂಟಿ ಎಪ್ಪತ್ತೊಂದು.

"ನನ್ನಂಕಿ ಕೈ ಹಾಕಿದಷ್ಟು ಸಲ ಬದಲಾಗುತ್ತೆ ಸ್ವಾಮಿ.
ಲಾರಿಯದು ಅಲ್ಲಾಡಲ್ಲ.
ನಾನೂ ಅದನ್ನ ಕಂಡಿಲ್ಲ.
ಈ ಗುಡ್ಡದ ಬುಡದಲ್ಲೆಲ್ಲೋ ಕೂತದೆ."

ಹೇಳುವಷ್ಟರಲ್ಲಿ ಲಾರಿ ಹೊರಟಿತು,
ತನ್ನ ಒಂದೇ ಒಂದು ಅಂಕಿಯನ್ನು
ಯಾರಿಗೂ ಹೇಳದೆ,
ಗೇಟಿನ ಹಳ್ಳಕ್ಕೆ ಕುಲುಕಿ
ಎರಡು ಗೆಡ್ಡೆ ಉದುರಿಸಿ.