ಕೊನೆಯ ಅಕ್ಷರ

ಮೂರು ದಿನದಿಂದ ಅದೊಂದೇ ಹೆಸರು, ಕಂಪನಿಯದು,
ಕರಿ ಪರದೆಯ ನಡುವೆ ಬೆಳಗಿ, ಆರಿ, ಮತ್ತೆ ಬೆಳಗಿ.
ಬಾಗಿಲಿಗೆ ಬಂದು ಹೆಸರು ಹೇಳಿ
ಒಳಗೆ ಬಾ ಅಂದರೆ ಬಾರದೆ
ಮತ್ತೆ ಮೊದಲಿಂದ ಹೆಸರು ಹೇಳುವವರ ಹಾಗೆ.

ಬಳ್ಳಾರಿ ಕೌಲ್‌ಬಜಾರಿನ ಈ ಮಾಳಿಗೆಯಲ್ಲಿ ಹನ್ನೊಂದು ಮಷೀನು.
ನನ್ನದು ಓವರ್‌ಲಾಕು.
ಟ್ಯಾಬು ಕಟಿಂಗ್ ಮಾಸ್ತರ ದಸ್ತಗೀರಸಾಬರದು,
ಗಾಜಿನ ಮೇಲೆ ಅವರ ಹೆಬ್ಬೆಟ್ಟಿನ ನೀಲಿ,
ಜೀನ್ಸಿನ ನೀಲಿ, ಸೋಪಿಗೂ ಜಗ್ಗದ್ದು.
'ಆರ್ಡರಿನ ಆ್ಯಪು ಇದರಾಗ ಇನ್ನ ತೆರೆಯಂಗಿಲ್ಲಂತ, ಮಾರೆಕ್ಕ.
ಹೊಸದು ತರಾಕ ಹಬ್ಬ ಆಗಲಿ' ಅಂದರು.
ನಾನು ಬಾಯಿ ತಡೆಯಲಿಲ್ಲ:
'ಇದಕ್ಕೇ ಹೊಸ ಜೀವ ಹಾಕ್ತೀನಿ, ತಾಳ್ರಿ.'
ನಮ್ಮಣ್ಣನ ಎರಡು ಫೋನಿಗೆ ಹಾಕಿದ್ದೆ,
ಎರಡೂ ನಡೆದಿದ್ದವು.

ಅರವತ್ತೆರಡಕ್ಕೆ ನಿಂತಿತು.
ಕರೆಂಟು ಹೋಗಿದ್ದರೆ ಅದರ ತಲೆಗೆ ಕಟ್ಟುತ್ತಿದ್ದೆ.
ಹೋಗಿರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು.

ಪವರಿನ ಗುಂಡಿ, ದನಿ ಇಳಿಸುವ ಗುಂಡಿ,
ಎರಡನ್ನೂ ಒತ್ತಿ ಹಿಡಿದು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ.
ಅದಿರಿನ ಗಾಡಿ ಗೇಟು ದಾಟುತ್ತಿತ್ತು, ಅದರ ಡಬ್ಬಿ ಎಣಿಸಿದೆ,
ಐವತ್ತೆಂಟು.
ಉಗುರು ಬಿಳುಪೇರಿದ ಮೇಲೆ
ಬೇರೊಂದು ಪರದೆ ಬಂತು, ತ್ರಿಕೋನದ ಎಚ್ಚರಿಕೆಯೊಂದಿಗೆ.
ಸತ್ತಿಲ್ಲ ಅಂತಾಯಿತು.

ಆದರೆ ಕಂಪ್ಯೂಟರಿನ ಕಣ್ಣಿಗೆ ಅದು ಬೀಳಲೇ ಇಲ್ಲ.
ಮೂರು ವೈರು ಬದಲಿಸಿದೆ,
ಮೂರೂ ಉಣಿಸಲಿಕ್ಕೆ ಮಾತ್ರ ಬಂದವು,
ಮಾತು ದಾಟಿಸಲು ಕಲಿಯದವು.
ಕೆಳಗಿನ ಎಂಬ್ರಾಯ್ಡರಿ ಯೂನಿಟ್ಟಿನ ತಿಪ್ಪೇರುದ್ರ
ತನ್ನ ಮಷೀನಿನ ಬಾಲವನ್ನೇ ಕಿತ್ತು ಕೊಟ್ಟ.
'ಬೆಳಿಗ್ಗೆ ಏಳಕ್ಕೆ ವಾಪಸ್ ಬೇಕು.
ನೂರಿಪ್ಪತ್ತು ಜೇಬಿಗೆ ನವಿಲು ಕೂಡಿಸಬೇಕು.'

ಕಂಪನಿ ತೊಡಿಸಿ ಕಳಿಸಿದ ಹಳೇ ಅಂಗಿಯನ್ನೇ ಹುಡುಕಿ ಇಳಿಸಿದೆ,
ಎರಡು ಜಿಬಿ,
ನಾಲ್ಕು ಮಂದಿಯ ಒಂದು ದಿನದ ಡೇಟಾ ಕೂಡಿಸಿ.
ಅದನ್ನೂ ಒಲ್ಲೆ ಅಂತು.

ಒಗ್ಗರಣೆ ಮಂಡಕ್ಕಿ ತಿಂದ ಕೈಯ ಎಣ್ಣೆ ಹತ್ತಿತೆಂದು
ಬೋರಲು ಹಾಕಿ ಒರೆಸಿದಾಗ ಕಂಡೆ:
ಬೆನ್ನಿನ ಮೇಲಿನ ನಂಬರು ಎಲ್ಲ ಸರಿ,
ಕೊನೆಯ ಅಕ್ಷರ ಮಾತ್ರ ತಿಕ್ಕಿ ಹೋಗಿದೆ.
ಸೂಜಿ ತಂದು ಮಗ್ಗುಲು ಕೆದರಿದೆ.
ನೀಲಿ ನೂಲಿನ ಧೂಳು ಗಿಡಿದು ಮುಚ್ಚಿದ್ದ ಸೀಳು,
ಸಿಮ್ಮಿನದು.
ನಾನು ಎರಡೂ ಸಲ ತಂದದ್ದು
ಸಿಮ್ಮಿಲ್ಲದ ತಮ್ಮನ ಬಟ್ಟೆ.
ಮೂವತ್ತರ ಪ್ಯಾಂಟನ್ನು ಮೂವತ್ತಾರರ ಸೊಂಟಕ್ಕೆ ಎಳೆದಿದ್ದೆ.
ಪಾಪ, ಅರವತ್ತೆರಡರವರೆಗೆ ಏರಿತ್ತು,
ತೊಡೆಯವರೆಗೆ.

ಅಣ್ಣನದು ಸಿಕ್ಕಿದ್ದು ರಾತ್ರಿ ಒಂದೂವರೆಗೆ.
ಹಸಿರು ಪಟ್ಟಿ ಮೂವತ್ತು ದಾಟಿತು, ಅರವತ್ತು,
ಅರವತ್ತೆರಡರಲ್ಲಿ ನಾನು ಉಸಿರು ಬಿಡಲಿಲ್ಲ.
ಹೆಸರು ಬೆಳಗಿತು, ಆರಲಿಲ್ಲ.
ಯಾವ ಭಾಷೆ ಅಂತ ಕೇಳಿತು.

ಇಲ್ಲಿಗೆ ಸಂತೋಷ ಪಡಬೇಕಿತ್ತು.

ಹೊಸದು ಹಾಕುವ ಮೊದಲು ಬೀಗ ತೆಗೆಯಬೇಕು.
ಬೀಗ ತೆಗೆದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ.
ಇಂಗ್ಲಿಷಿನಲ್ಲಿ ಕೇಳಿತ್ತು, ಅಳಿಸಲಾ ಅಂತ, ಎರಡು ಸಲ.
ಎರಡು ಸಲವೂ ಒತ್ತಿದ್ದು ಈ ಹೆಬ್ಬೆರಳು,
ಓದಿಯೂ ಓದದ ಹಾಗೆ.
ಅರ್ಧ ತಾಸಿಗೇ ಗೊತ್ತಾಗಿತ್ತು ನನಗೆ.
ಮೂರು ದಿನ ಮಾಳಿಗೆಯೆಲ್ಲ ಉಳಿಸು ಉಳಿಸು ಅಂದದ್ದು,
ನಾನು ಊಟ ಬಿಟ್ಟು ಉಳಿಸಿದ್ದು,
ಮೊದಲ ದಿನವೇ ಬರಿದಾದ ಡಬ್ಬಿಯನ್ನು.
ಒಂಬತ್ತು ವರ್ಷದ ಜೇಬುಗಳು, ಮಾಸ್ತರು ತೆಗೆದ ಫೋಟೋ,
ಯಾವ ಅಂಗಡಿಗೆ ಎಷ್ಟು ಇಂಚಿನ ಬಾಯಿ,
ಯಾವುದಕ್ಕೆ ಅರಿಶಿನದ ನೂಲು, ಯಾವುದಕ್ಕೆ ತಾಮ್ರದ್ದು.

ಬೆಳಿಗ್ಗೆ ಕೊಟ್ಟೆ. ಹೇಳಿದೆ ಕೂಡ,
ಎರಡು ಮಷೀನಿನ ಸದ್ದಿನ ನಡುವೆ, ಅರ್ಧ.
ಅವರು ಫೋಟೋದ ಚಿತ್ರ ಒತ್ತಿದರು. ಖಾಲಿ.
ಚಷ್ಮಾ ಒರೆಸಿ ಇನ್ನೊಮ್ಮೆ ಒತ್ತಿದರು.
ಬೈಯ್ಯಲಿ ಅಂತ ಕಾದೆ.
ನನ್ನ ಮಷೀನಿನ ಮೇಲಿದ್ದ ಪ್ಯಾಂಟು ಎಳೆದು,
ಜೇಬಿನ ಸುಕ್ಕು ಅಂಗೈಯಿಂದ ತೀಡಿ
ಟ್ಯಾಬು ಎತ್ತಿ ಹಿಡಿದರು.

'ಕೈ ತೆಗಿ ಮಾರೆಕ್ಕ,
ನೆಳ್ಳು ಬೀಳ್ತೈತೆ.'