ಸಲಹೆ, ಆಕ್ಷೇಪಣೆ ಇದ್ದಲ್ಲಿ

ಆಜೀವ ಕಲಿಕೆಯ ಕರಡು ಮಸೂದೆ, ಪುಟ ನಲವತ್ತೊಂದು.
ಸಲಹೆ, ಆಕ್ಷೇಪಣೆ ಇದ್ದಲ್ಲಿ ಬುಧವಾರದೊಳಗೆ
ಲಿಖಿತ ರೂಪದಲ್ಲಿ.
ಇಷ್ಟು ಓದುವಾಗ ಐಸಮ್ಮ ನಕ್ಕಳು:
"ಬರೆಯಲು ಬಾರದವರ ಕಾನೂನಿಗೆ
ಬರೆದೇ ಹೇಳಬೇಕಾ ಟೀಚರ್?"

ಹಿರಿಯಡಕದ ಅಂಗನವಾಡಿ. ಸಂಜೆ ಆರೂಮುಕ್ಕಾಲು.
ಮೊಣಕಾಲೆತ್ತರದ ಕುರ್ಚಿಗಳನ್ನು ಗೋಡೆಗೆ ಸರಿಸಿ
ಚಾಪೆಯಲ್ಲಿ ಹನ್ನೊಂದು ಮಂದಿ.
ಕಾರ್ಖಾನೆಯ ಹೊಗೆ ಅವರ ಸೀರೆ ಹಿಡಿದುಕೊಂಡೇ ಬಂದಿದೆ,
ಗೇರುಬೀಜ ಸುಟ್ಟ ಆ ವಾಸನೆಗೆ ಹಸಿವಾಗುವುದು ನನಗೆ ಮಾತ್ರ.
ನನ್ನ ಗೌರವಧನ ಎಂಟು ತಿಂಗಳಿಂದ
ಬರೀ ಗೌರವ.

ಅನೌಪಚಾರಿಕ ಅಂದರೆ ಎಂತದು? ಕೇಳಿದಳು ದೇವಕಿ.
ಶಾಲೆಯಲ್ಲದ ಶಾಲೆ, ಅಂದೆ.
"ಹಾಗಾದರೆ ಬೀಜ ಒಡೆದರೂ ತಿರುಳು ಒಡೆಯದ ಹಾಗೆ
ಅತ್ತೆ ಕಲಿಸಿದರಲ್ಲ, ಕೈಗೆ ಬೂದಿ ಹಚ್ಚಿ,
ಅದು ಉಂಟಾ ಇದರಲ್ಲಿ?"
ಹುಡುಕಿದೆ. ಹದಿನೇಳನೇ ಪುಟದಲ್ಲಿ 'ಕೌಶಲ' ಎಂದಿದೆ.
ಅತ್ತೆ ಇಲ್ಲ.

ಬರೆದುಕೊಳ್ಳಿ, ಅಂದರು. ಬರೆದುಕೊಂಡೆ.
ಲೆಕ್ಕ ನಮಗೆ ಬರುತ್ತದೆ, ಅದನ್ನು ಕಲಿಸುವುದು ಬೇಡ;
ತುಂಡಾದ ಬೀಜಕ್ಕೆ ಹಿಡಿಯುವ ಕೂಲಿಯ ಚೀಟಿ ಓದಲು ಕಲಿಸಿ.
ಚಿತ್ರದ ಹಾಳೆಯಲ್ಲಿ ಹ ಅಂದರೆ ಹಾವು,
ನಮ್ಮ ಬಾಯಲ್ಲಿ ಅದು ಉಚ್ಚು,
ಉ-ದ ಕೆಳಗೆ ಇರಬೇಕಾದ್ದು
ಹ-ದ ಬಿಲಕ್ಕೆ ಹೊಕ್ಕದ್ದು ಹೇಗೆ?
'ಯಾವುದೇ ವಯಸ್ಸಿನಲ್ಲಿ' ಎಂದು ಬರೆದಿದ್ದೀರಿ, ಸಂತೋಷ.
ಯಾವ ಹೊತ್ತಿನಲ್ಲಿ ಎಂದು ಬರೆದಿಲ್ಲ.
ಪೆರ್ಡೂರಿನ ಕೊನೇ ಬಸ್ಸು ಎಂಟು ಹತ್ತಕ್ಕೆ.

ವಾರಿಜ ಏನೂ ಹೇಳಲಿಲ್ಲ.
ಗೇರಿನ ಸೊನೆ ಅವಳ ಬೆರಳ ಗೆರೆಗಳನ್ನು ತಿಂದು ಮುಗಿಸಿದೆ.
ರೇಶನ್ ಅಂಗಡಿಯ ಮಿಷನ್ನಿಗೆ ಒತ್ತುತ್ತಾಳೆ,
ಒರೆಸಿ ಒತ್ತುತ್ತಾಳೆ, ಉಗುಳು ಹಚ್ಚಿ ಒತ್ತುತ್ತಾಳೆ,
ಅದು ಕೆಂಪು ದೀಪ ಹಾಕಿ ಯಾರು ನೀನು ಎನ್ನುತ್ತದೆ.
ಮೊದಲ ದಿನ ಬಂದವಳು ಹೇಳಿದ್ದಳು:
"ಓದು ಬಾರದವರಿಗೆ ಹೆಬ್ಬೆಟ್ಟು ಅನ್ನುತ್ತಾರಲ್ಲ ಟೀಚರ್,
ನಾನು ಅದೂ ಅಲ್ಲ."

ಈಗ ಕೆಳಗೆ ಸಹಿ.
ಐಸಮ್ಮನ ಮ-ಕ್ಕೆ ಒತ್ತು ಜಾರಿ ಮುಂದಿನ ಸಾಲಿಗೆ ಬಿತ್ತು.
ದೇವಕಿ ಬರೆದು, ಊದಿದಳು, ಪೆನ್ನಿನದಾದರೂ
ಬಿಸಿ ಬೀಜಕ್ಕೆ ಊದುವಂತೆ.
ವಾರಿಜ ವಾ ಬರೆದಳು. ಕಾಗದ ತಿರುಗಿಸಿ ನೋಡಿದಳು.
ರಿ ಬರೆದಳು.
ಜ-ದ ಬಳುಕಿಗೆ ಪೆನ್ನು ಎತ್ತಿ, ಎಲ್ಲಿಂದ ಹಿಡಿಯುವುದು ಎಂದು
ಗಾಳಿಯಲ್ಲೇ ಒಮ್ಮೆ ತಿದ್ದಿಕೊಳ್ಳುವಾಗ
ತಿರುವಿನಲ್ಲಿ ಹಾರ್ನ್.
ಚಪ್ಪಲಿ ಕೈಯಲ್ಲೇ ಹಿಡಿದು ಓಡಿದಳು.

ಮುಂದಿನ ತರಗತಿ ಗುರುವಾರ. ಕೊನೆಯ ದಿನಾಂಕ ಬುಧವಾರ.
ಆ ಜ-ವನ್ನು ನಾನೇ ಹಾಕಬಹುದಿತ್ತು,
ದೆಹಲಿಯಲ್ಲಿ ಯಾರಿಗೆ ಗೊತ್ತಾಗುತ್ತದೆ?
ಪೆನ್ನು ತೆಗೆದೆ ಕೂಡ.

ಬೆಳಿಗ್ಗೆ ಅಂಚೆಗೆ ಹಾಕಿದೆ.
ಹತ್ತು ಸಹಿ, ಮತ್ತೆ ಒಂದು 'ವಾರಿ'.
ಪಕ್ಕದಲ್ಲಿ ಸಣ್ಣಗೆ ನನ್ನದೊಂದು ಷರಾ:
ಮಾನ್ಯರೇ, ಉಳಿದ ಅಕ್ಷರ
ಹಿಂದಿನಿಂದ ಬರುತ್ತದೆ.